ತುಟಿಯ ಕೆಂಪು, ಕುಸುಬೆಯ ಮುಳ್ಳು

2024ರ ವಸಂತದಲ್ಲಿ ಕ್ಯೋಟೋದ ಗಿಯೋನ್ ಬಡಾವಣೆಯವರು ತಮ್ಮ ಕೆಲವು ಖಾಸಗಿ ಓಣಿಗಳನ್ನು ಪ್ರವಾಸಿಗರಿಗೆ ಮುಚ್ಚಿಬಿಟ್ಟರು. ಒಳಗೆ ಕಾಲಿಟ್ಟರೆ 10,000 ಯೆನ್ ದಂಡ ಎಂದು ಫಲಕ ಹಾಕಿದರು. ಸಂಜೆ ಕೆಲಸಕ್ಕೆ ಹೊರಟ, ಹಾಡು ಕುಣಿತವೇ ವೃತ್ತಿಯಾದ ಗೇಶಾಗಳನ್ನು, ಇನ್ನೂ ಕಲಿಕೆಯಲ್ಲಿರುವ ಎಳೆಯ ಮೈಕೋಗಳನ್ನು ಜನ ಮೊಬೈಲ್ ಹಿಡಿದು ಬೆನ್ನಟ್ಟುತ್ತಿದ್ದರು. ಕಿಮೊನೊದ ತೋಳು ಹಿಡಿದು ಎಳೆದವರೂ ಇದ್ದರು. ಊರಿನವರ ಸಹನೆ ಕೊನೆಗೂ ಮುಗಿದಿತ್ತು. ಸುದ್ದಿ ಓದಿದಾಗ ನನಗೆ ಬಂದದ್ದು ಸಿಟ್ಟು. ವರ್ಷಗಟ್ಟಲೆ ನೃತ್ಯ ಕಲಿತ ಹೆಣ್ಣುಮಗಳ ನೃತ್ಯವನ್ನೇ ನೋಡದೆ ಅವಳ ಮುಖವನ್ನಷ್ಟೇ ಕದ್ದುಕೊಂಡು ಓಡುವುದು ಯಾವ ಸೀಮೆಯ ರಸಿಕತೆ? ಗೇಶಾಳನ್ನು ನೋಡುವುದಾದರೆ ಟಿಕೆಟ್ ಕೊಂಡು, ನೆಲದ ಮೇಲೆ ಕುಳಿತು, ಮೊದಲಿನಿಂದ ಕೊನೆಯವರೆಗೆ ಅವಳ ಕೆಲಸವನ್ನು ನೋಡಬೇಕು ಎಂದು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಹಾಗೆ ನೋಡಲು ಕ್ಯೋಟೋಗೇ ಹೋಗಬೇಕೆಂದಿಲ್ಲ. ಉತ್ತರದಲ್ಲಿ, ಯಮಗಾತಾ ಪ್ರಾಂತ್ಯದ ಕಡಲಂಚಿನಲ್ಲಿ, ಸಕಾತಾ ಎಂಬ ಊರಿದೆ.

ಟೋಕಿಯೋದಿಂದ ನಿಗಾತಾವರೆಗೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲು. ಅಲ್ಲಿಂದ ‘ಇನಾಹೋ’ ಎಂಬ ರೈಲು ಕಡಲನ್ನು ಎಡಕ್ಕೆ ಇಟ್ಟುಕೊಂಡು ಎರಡು ಗಂಟೆ ಓಡುತ್ತದೆ. ನಾನು ಹೋದದ್ದು ಮಾರ್ಚ್‌ನಲ್ಲಿ. ಜಪಾನ್ ಸಮುದ್ರ ಬೂದುಬಣ್ಣಕ್ಕೆ ತಿರುಗಿ ಬಂಡೆಗಳ ಮೇಲೆ ನೊರೆ ಕಾರುತ್ತಿತ್ತು. ಬಯಲು ತೆರೆದುಕೊಂಡಂತೆ ಗದ್ದೆಗಳು ಬಂದವು, ಗದ್ದೆಗಳ ಬದುವಿನಲ್ಲಿ ಉಳಿದ ಹಿಮ, ದೂರದಲ್ಲಿ 2,236 ಮೀಟರ್ ಎತ್ತರದ ಚೋಕಾಯ್ ಪರ್ವತ. ಇಳಿದಾಗ ಗಾಳಿ ಎಷ್ಟಿತ್ತೆಂದರೆ ಛತ್ರಿ ಬಿಚ್ಚುವ ಯೋಚನೆಯನ್ನೇ ಬಿಟ್ಟೆ. ಈ ಊರಿನವರಿಗೆ ಗಾಳಿಯ ಭಯ ಏನೆಂದು ಗೊತ್ತು. 1976ರ ಅಕ್ಟೋಬರ್ 29ರಂದು ಇಂಥದ್ದೇ ಗಾಳಿಗೆ ಸಿಕ್ಕ ಬೆಂಕಿ ಪೇಟೆಯ ನಡುಭಾಗವನ್ನು ಸುಟ್ಟುಹಾಕಿತ್ತು.

ಇಷ್ಟು ದೂರದ ಊರಿಗೆ ಗೇಶಾಗಳು ಬಂದದ್ದು ಹೇಗೆ? ಅಕ್ಕಿಯ ಬೆನ್ನು ಹಿಡಿದು ಬಂದರು. ಮೊಗಾಮಿ ನದಿ ಹುಟ್ಟುವುದೂ ಹರಿಯುವುದೂ ಇದೇ ಪ್ರಾಂತ್ಯದೊಳಗೆ; 229 ಕಿಲೋಮೀಟರ್ ಹರಿದು ಸಕಾತಾದಲ್ಲಿ ಕಡಲು ಸೇರುತ್ತದೆ. 1672ರಲ್ಲಿ ಕವಾಮುರಾ ಜುಯ್ಕೆನ್ ಎಂಬ ವ್ಯಾಪಾರಿ ಸರಕಾರದ ಅಪ್ಪಣೆಯಂತೆ ಇಲ್ಲಿಂದ ಪಶ್ಚಿಮದ ಕಡಲದಾರಿಯನ್ನು ವ್ಯವಸ್ಥಿತಗೊಳಿಸಿದ. ಒಳನಾಡಿನ ಅಕ್ಕಿ ನದಿಯ ದೋಣಿಗಳಲ್ಲಿ ಇಳಿದು, ಇಲ್ಲಿ ಹಡಗು ಏರಿ, ಶಿಮೊನೊಸೆಕಿ ಸುತ್ತಿ ಒಸಾಕಾಗೆ, ಅಲ್ಲಿಂದ ಎದೋಗೆ, ಅಂದರೆ ಇಂದಿನ ಟೋಕಿಯೋಗೆ, ಹೋಗುವಂತಾಯಿತು. ಮುಂದೆ ಕಿತಾಮಾಯೆಬುನೆ ಎಂಬ ಸರಕಿನ ಹಡಗುಗಳು ಇದೇ ದಾರಿಯಲ್ಲಿ ಬಂದರಿನಿಂದ ಬಂದರಿಗೆ ಕೊಂಡು ಮಾರುತ್ತ ಸಾಗಿದವು. ಊರಿಗೆ ದುಡ್ಡು ಬಂತು. ಇಲ್ಲಿನ ಹೋನ್ಮಾ ಮನೆತನ ಎಷ್ಟು ಶ್ರೀಮಂತವಾಗಿತ್ತೆಂದರೆ, ಹೋನ್ಮಾ ಆಗುವುದಂತೂ ನಮ್ಮ ಹಣೆಯಲ್ಲಿ ಬರೆದಿಲ್ಲ, ಹೋಗಲಿ, ಕನಿಷ್ಠ ದೊರೆಯಾದರೂ ಆಗೋಣ ಎನ್ನುವ ಧಾಟಿಯ ಪದವನ್ನು ಜನ ಕಟ್ಟಿ ಹಾಡುತ್ತಿದ್ದರು. ದುಡ್ಡಿದ್ದಲ್ಲಿ ಔತಣ, ಔತಣವಿದ್ದಲ್ಲಿ ಹಾಡು ಮತ್ತು ಕುಣಿತ. ಹಡಗಿನ ಮಾಲೀಕರು ಊರೂರಿನವರು, ಗಾಳಿ ತಿರುಗುವವರೆಗೆ ಬಂದರಿನಲ್ಲೇ ಕಾದಿರುವವರು. ಅವರಿಗಾಗಿ ಊಟದ ಮನೆಗಳು ಎದ್ದವು.

ಅವುಗಳಲ್ಲೊಂದು ಸೋಮಾಯಾ. 1868ಕ್ಕೆ ಮುಗಿದ ಎದೋ ಕಾಲದಿಂದ ನಡೆದುಬಂದ ದೊಡ್ಡ ಊಟದ ಮನೆ. ಗೇಶಾಗಳನ್ನು ಕರೆಸಿ ಔತಣ ನಡೆಸುತ್ತಿದ್ದ ಜಾಗ. 1894ರ ಶೋನಾಯ್ ಭೂಕಂಪದಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಉಳಿದ ಉಗ್ರಾಣವನ್ನು ಒಳಗೆ ಸೇರಿಸಿಕೊಂಡು ಕೂಡಲೇ ಮತ್ತೆ ಕಟ್ಟಿದರು. ಈಗ ನಿಂತಿರುವುದು ಆ ಕಟ್ಟಡವೇ. 1996ರಲ್ಲಿ ಅದು ದೇಶದ ನೋಂದಾಯಿತ ಸಾಂಸ್ಕೃತಿಕ ಆಸ್ತಿಗಳ ಪಟ್ಟಿಗೆ ಸೇರಿತು. 2000ದಲ್ಲಿ ದುರಸ್ತಿಯಾಗಿ, ಸೋಮರೋ ಎಂಬ ಹೆಸರಿನಲ್ಲಿ, ಮೈಕೋಗಳ ನೃತ್ಯ ನೋಡುವ ಮನೆಯಾಗಿ ಬಾಗಿಲು ತೆರೆಯಿತು.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಮೊದಲು ಎದುರಾಗುವುದು ಕೆಂಪು. ಗೋಡೆಗಳು ಕೆಂಪು. ಮರದ ಕಂಬ, ಮೆಟ್ಟಿಲು, ಕಿಟಕಿ ಚೌಕಟ್ಟುಗಳೆಲ್ಲ ಎಷ್ಟೋ ಕೈಗಳು ಒರೆಸಿ ಒರೆಸಿ ಕಪ್ಪಗೆ ಹೊಳೆಯುತ್ತಿದ್ದವು. ಮಾರ್ಚ್ ಆದ್ದರಿಂದ ಊರಿನ ಹಳೆಯ ಮನೆಗಳಲ್ಲೆಲ್ಲ ಹೆಣ್ಣುಮಕ್ಕಳ ಹಬ್ಬದ ಹಿನಾ ಗೊಂಬೆಗಳನ್ನು ಕೂರಿಸಿದ್ದರು. ಅರಸ, ಅರಸಿ, ಓಲಗದವರು. ಇಲ್ಲಿಯೂ ಇದ್ದವು. ಇಂಥ ಹಳೆಯ ಗೊಂಬೆಗಳು ಕ್ಯೋಟೋ ಕಡೆಯಿಂದ ಹಡಗುಗಳಲ್ಲಿ ಬಂದವು. ಮಹಡಿಯ ದೊಡ್ಡ ಕೋಣೆಯಲ್ಲಿ ತತಾಮಿ ಚಾಪೆಯ ಮೇಲೆ ಕೂರುವಾಗ, ಇಲ್ಲಿನ ಚಾಪೆಗಳ ಬಣ್ಣವೇ ಬೇರೆ ಎನಿಸಿತು. ಪಕ್ಕದಲ್ಲಿದ್ದ ಮನೆಯವರು ಹೇಳಿದರು: ಇವನ್ನು ಬೆನಿಬಾನಾ ಹೂವಿನ ಬಣ್ಣದಲ್ಲಿ ಅದ್ದಿದ್ದಾರೆ. ಯಮಗಾತಾದ ಹೆಮ್ಮೆಯ ಬೆಳೆ.

ಗೋಡೆಯ ಚಿತ್ರದಲ್ಲಿ ಆ ಹೂವನ್ನು ನೋಡಿದೆ. ನನಗೆ ಅದರ ಪರಿಚಯ ಮಾಡಿಸಬೇಕಾಗಿರಲಿಲ್ಲ. ಅದು ಕುಸುಬೆ.

ಗದಗ ಜಿಲ್ಲೆಯ ಕಪ್ಪು ನೆಲದಲ್ಲಿ ಹಿಂಗಾರಿ ಜೋಳದ ಹೊಲದ ಸುತ್ತ ನಾವು ಹಾಕುತ್ತಿದ್ದ ಅದೇ ಕುಸುಬೆ. ಮುಳ್ಳು ಇರುವುದರಿಂದ ದನ ಬಾಯಿ ಹಾಕುವುದಿಲ್ಲ ಎಂದು ಬೇಲಿಯಂತೆ ಅಂಚಿಗೆ ಬಿತ್ತುತ್ತಿದ್ದೆವು. ಎಳೆಯ ಎಲೆ ಪಲ್ಯಕ್ಕೆ, ಬೀಜ ಎಣ್ಣೆಗೆ, ಬೀಜ ರುಬ್ಬಿ ಹಿಂಡಿದ ಹಾಲು ಹುಗ್ಗಿಗೆ. ಕೊಯ್ಲಿಗೆ ಹೆಂಗಸರು ನಸುಕಿನಲ್ಲೇ ಹೊಲಕ್ಕಿಳಿಯುತ್ತಿದ್ದರು. ಇಬ್ಬನಿ ಆರುವ ಮೊದಲು ಮುಳ್ಳು ಮೆತ್ತಗಿರುತ್ತದೆ. ಬಿಸಿಲೇರಿದರೆ ಅಂಗೈಗೆ ಸುತ್ತಿದ ಬಟ್ಟೆಯನ್ನೂ ದಾಟಿ ಚುಚ್ಚುತ್ತದೆ. ಅವ್ವನ ಬೆರಳುಗಳ ಮೇಲೆ ಆ ಗೀರುಗಳನ್ನು ಕಂಡು ಬೆಳೆದವಳು ನಾನು. ಹೂವಿನ ಎಸಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ.

ಯಮಗಾತಾದಲ್ಲಿ ಲೆಕ್ಕಕ್ಕಿದ್ದದ್ದು ಎಸಳೇ. ಜುಲೈಯಲ್ಲಿ ಹೂ ಅರಳುತ್ತದೆ. ಅಲ್ಲಿಯೂ ನಸುಕಿನಲ್ಲೇ, ಮುಳ್ಳು ಇಬ್ಬನಿಗೆ ನೆಂದಿರುವಾಗಲೇ ಬಿಡಿಸುತ್ತಾರೆ. ಎಸಳಿನಲ್ಲಿರುವ ಬಣ್ಣದಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಳದಿ. ಕೆಂಪು ಇರುವುದು ನೂರರಲ್ಲಿ ಒಂದು ಪಾಲು. ನೀರಿನಲ್ಲಿ ತೊಳೆದರೆ ಹಳದಿ ಹೋಗುತ್ತದೆ, ಕೆಂಪು ಉಳಿಯುತ್ತದೆ. ತೊಳೆದ ಎಸಳನ್ನು ಹುಳಿ ಬರಿಸಿ, ಕುಟ್ಟಿ, ಬಿಲ್ಲೆಗಳಾಗಿ ತಟ್ಟಿ ಒಣಗಿಸುತ್ತಾರೆ. ಆ ಬಿಲ್ಲೆಗಳು ಮೊಗಾಮಿ ನದಿಯಲ್ಲಿ ಇಳಿದು ಸಕಾತಾಗೆ ಬರುತ್ತಿದ್ದವು. ಇಲ್ಲಿಂದ ಹಡಗಿನಲ್ಲಿ ತ್ಸುರುಗಾ ಬಂದರು, ಅಲ್ಲಿಂದ ಬೀವಾ ಸರೋವರದ ದಾರಿಯಲ್ಲಿ ಕ್ಯೋಟೋ. ಕ್ಯೋಟೋದ ಬಣ್ಣಗಾರರು ಬೂದಿಯ ತಿಳಿಯಿಂದ ಕೆಂಪನ್ನು ಬಿಡಿಸಿ, ಹುಳಿ ಹಾಕಿ ಅದನ್ನು ಗಟ್ಟಿ ಮಾಡುತ್ತಿದ್ದರು. ಅದರಿಂದ ರೇಷ್ಮೆಗೆ ಬಣ್ಣ, ತುಟಿಗೆ ಬಣ್ಣ. ಪಿಂಗಾಣಿ ಬಟ್ಟಲಿನ ಒಳಮೈಗೆ ಹಚ್ಚಿ ಒಣಗಿಸಿದ ಈ ಬೆನಿ, ಅಚ್ಚರಿಯೆಂದರೆ, ಜೀರುಂಡೆಯ ರೆಕ್ಕೆಯ ಹಸಿರಾಗಿ ಹೊಳೆಯುತ್ತದೆ. ಒದ್ದೆ ಕುಂಚ ತಾಗಿಸಿದೊಡನೆ ಕೆಂಪಾಗುತ್ತದೆ. ಚಿನ್ನದ ತೂಕಕ್ಕೆ ಸಮ ಎನ್ನುವಷ್ಟು ಅದರ ಬೆಲೆ ಏರಿದ ಕಾಲವಿತ್ತು.

ಗಿಯೋನ್‌ನ ನರ್ತಕಿಯ ತುಟಿಗೆ ಏರುತ್ತಿದ್ದ ಕೆಂಪಿನ ಹಿಂದೆ ಈ ಬೆಟ್ಟದ ಊರುಗಳ ಹೆಂಗಸರ ಬೆರಳುಗಳಿದ್ದವು. ಬಿಡಿಸಿದವರಿಗೆ ಆ ಬೆನಿ ಹಚ್ಚಿಕೊಳ್ಳುವ ಶಕ್ತಿ ಇರಲಿಲ್ಲ. ಇದು ಗೊತ್ತಾದ ಮೇಲೆ ಆ ಕೋಣೆಯಲ್ಲಿ ನನಗೆ ಬರೀ ಅಂದ ಕಾಣಿಸಲಿಲ್ಲ. ಕೆಂಪು ಕಂಡಲ್ಲೆಲ್ಲ ಇದು ಯಾರ ದುಡಿಮೆ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತಿತ್ತು.

ಅಷ್ಟರಲ್ಲಿ ಶಮಿಸೆನ್ ಶ್ರುತಿ ಮಾಡುವ ಸದ್ದು ಕೇಳಿಸಿತು. ಹಿರಿಯ ಗೇಶಾ ಒಬ್ಬರು ಕೋಣೆಯ ಮೂಲೆಯಲ್ಲಿ, ಕಪ್ಪು ಕಿಮೊನೊದಲ್ಲಿ ನೆಟ್ಟಗೆ ಕುಳಿತಿದ್ದರು. ಮೂರು ತಂತಿಯ ವಾದ್ಯ ಅದು. ಬಲಗೈಯಲ್ಲಿ ಹಿಡಿದ, ‘ಬಾಚಿ’ ಎಂಬ ಅಗಲ ಬಾಯಿಯ ಮೀಟುಗೋಲು ತಂತಿಯನ್ನು ಮೀಟುತ್ತಲೇ ಕೆಳಗಿನ ಚರ್ಮವನ್ನೂ ಬಡಿಯುತ್ತದೆ. ಒಂದೇ ಏಟಿಗೆ ಸ್ವರವೂ ತಾಳವೂ ಹೊರಡುತ್ತವೆ. ದಪ್ಪ ತಂತಿಯಲ್ಲಿ ಸಣ್ಣದೊಂದು ಝೇಂಕಾರ ಇರುತ್ತದೆ, ಅದನ್ನು ಸವಾರಿ ಎನ್ನುತ್ತಾರೆ. ನಮ್ಮ ತಂಬೂರಿಯಲ್ಲಿ ದಾರವನ್ನು ಸರಿಸಿ ಸರಿಸಿ ಹುಡುಕುವ ಜೀವಾಳವೇ ಅದು. ಆ ನಾದ ಕಿವಿಗೆ ಬಿದ್ದ ಕೂಡಲೇ ನನಗೆ ಆ ಕೋಣೆ ಪರಕೀಯ ಎನಿಸುವುದು ನಿಂತಿತು. ರೇಷ್ಮೆ ತಂತಿ ಬೇಗ ಸಡಿಲಗೊಳ್ಳುವುದರಿಂದ ಹಾಡಿನ ನಡುವೆಯೇ ಎಡಗೈ ಮೇಲಕ್ಕೆ ಹೋಗಿ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ ಬರುತ್ತಿತ್ತು. ಹಾಡು ತಡವರಿಸಲಿಲ್ಲ.

ಮೈಕೋ ಬಂದಳು. ಬಾಗಿಲ ಬಳಿ ಮಂಡಿಯೂರಿ, ಮಡಿಚಿದ ಬೀಸಣಿಗೆಯನ್ನು ತನ್ನ ಮುಂದೆ ಅಡ್ಡಲಾಗಿ ಇಟ್ಟು ನಮಸ್ಕರಿಸಿದಳು. ಬೀಸಣಿಗೆಯ ಆಚೆ ಅತಿಥಿಗಳು, ಈಚೆ ಅವಳು. ಅದನ್ನು ಎತ್ತಿಕೊಂಡು ಎದ್ದಳು ಎಂದರೆ ನೃತ್ಯ ಶುರು.

ಅಭಿನಯಕ್ಕೆ ಒಗ್ಗಿದ ಕಣ್ಣು ನಮ್ಮದು. ನರ್ತಕಿಯ ಹುಬ್ಬು, ಕಣ್ಣು, ಕೆನ್ನೆ ಕಥೆ ಹೇಳಬೇಕೆಂದು ಕಾಯುತ್ತೇವೆ. ಬಿಳಿ ಬಳಿದ ಈ ಮುಖ ಏನನ್ನೂ ಹೇಳಲಿಲ್ಲ. ಒಂದೆರಡು ನಿಮಿಷ ನಾನು ಮುಖವನ್ನೇ ನೋಡುತ್ತಿದ್ದೆ. ಆಮೇಲೆ ದೃಷ್ಟಿ ತಾನಾಗಿ ಕೆಳಗಿಳಿಯಿತು. ಎಲ್ಲವೂ ನಡೆಯುತ್ತಿದ್ದದ್ದು ಅಲ್ಲಿ. ಮಂಡಿ ತುಸು ಬಾಗಿಯೇ ಇತ್ತು, ಸೊಂಟ ಕೆಳಗಿಳಿದೇ ಇತ್ತು. ಭಾರವೆಲ್ಲ ತೊಡೆಯ ಮೇಲೆ. ಬಿಳಿಯ ತಾಬಿ ಕಾಲುಚೀಲ ತೊಟ್ಟ ಪಾದ ಚಾಪೆಯಿಂದ ಮೇಲೇಳದೆ ಜಾರುತ್ತದೆ, ಬೆರಳ ತುದಿ ಮಾತ್ರ ಒಮ್ಮೆ ಎದ್ದು ಕೂರುತ್ತದೆ. ತಿರುಗುವಾಗ ನೆಲಕ್ಕೆ ಎಳೆಯುವ ಕಿಮೊನೊದ ಅಂಚನ್ನು ಹಿಮ್ಮಡಿಯಿಂದ ಒಂದಿಷ್ಟು ಹಿಂದಕ್ಕೆ ತಳ್ಳಿ, ಆ ಬಟ್ಟೆ ಅರ್ಧಚಂದ್ರವಾಗಿ ಹರಡಿಕೊಳ್ಳುವವರೆಗೆ ಕಾದು, ಮುಂದಿನ ಹೆಜ್ಜೆ ಇಡುತ್ತಾಳೆ. ಬಟ್ಟೆ ಚಾಪೆಗೆ ಉಜ್ಜುವ ಸದ್ದು ಕೇಳುವಷ್ಟು ಹತ್ತಿರದಲ್ಲಿ ನಾವು ಕುಳಿತಿದ್ದೆವು. ರಂಗಮಂಚದ ಮೇಲಿನ ನೃತ್ಯಕ್ಕೆ ಈ ಸೂಕ್ಷ್ಮ ಬೇಕಿಲ್ಲ. ಕೈ ಚಾಚಿದರೆ ಮುಟ್ಟುವಷ್ಟು ಸಮೀಪದ ಕೋಣೆಗಾಗಿ ಬೆಳೆದ ನೃತ್ಯ ಇದು. ತಪ್ಪಿದರೆ ಅಡಗಿಸಲು ಜಾಗವಿಲ್ಲ.

ಬೀಸಣಿಗೆ ಒಮ್ಮೆ ಅಲೆಯಾಯಿತು, ಒಮ್ಮೆ ಮದ್ಯದ ಬಟ್ಟಲಾಯಿತು, ಒಮ್ಮೆ ದೂರದ ಹಾಯಿಯನ್ನು ನೋಡಲು ಹಣೆಗೆ ಹಿಡಿದ ಕೈಯಾಯಿತು. ಕೊನೆಯದು ಊರಿನದೇ ಹಾಡು, ಸಕಾತಾ ಜಿಂಕು. ಬಂದರಿನ ಮೇಲಿನ ಹಿಯೋರಿಯಾಮಾ ಗುಡ್ಡ, ಕಡಲಾಚೆಯ ತೊಬಿಶಿಮಾ ದ್ವೀಪ, ಬೆಳಗಿನ ಬಿಸಿಲಿಗೆ ಬೆಳ್ಳಗಾದ ಹಾಯಿ, ಹೋನ್ಮಾ ಮನೆತನ ಎಲ್ಲವೂ ಅದರಲ್ಲಿ ಬರುತ್ತವೆ. ಪಕ್ಕದಲ್ಲಿ ಕುಳಿತಿದ್ದ ಊರಿನ ಅಜ್ಜಿಯೊಬ್ಬರು ಬಾಯಿ ತೆರೆಯದೆ ಗಂಟಲಲ್ಲೇ ಜೊತೆಗೆ ಹಾಡುತ್ತಿದ್ದರು. ಮುಗಿದ ಮೇಲೆ ಮೈಕೋ ಎಲ್ಲರ ಬಳಿಗೂ ಬಂದು ಇಲ್ಲಿನ ಮಾತಿನಲ್ಲಿ ‘ಮೊಕ್ಕೆದನೋ’ ಎಂದು ಧನ್ಯವಾದ ಹೇಳಿದಳು. ಹತ್ತಿರದಿಂದ ಕಂಡಾಗ, ಕಿವಿಯ ಹಿಂದೆ ಬಿಳಿಯ ಲೇಪ ಮುಗಿಯುವಲ್ಲಿ ಬೆವರಿನ ಸಣ್ಣ ಗೆರೆ ಇತ್ತು. ಹೊರಗೆ ಹಿಮ ಕರಗದ ಚಳಿ, ಇವಳಿಗೆ ಬೆವರು.

ಆ ಬೆವರಿನ ಬಗ್ಗೆ ಮಾತಾಡದೆ ಗೇಶಾಗಳ ಬಗ್ಗೆ ಬರೆಯುವುದು ನನ್ನಿಂದಾಗದು. ಅವರನ್ನು ವೇಶ್ಯೆಯರೆಂದು ತಿಳಿಯುವುದು ತಪ್ಪು. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಹೆಣ್ಣು ಗೇಶಾಗಳು ಕಾಣಿಸಿಕೊಂಡಾಗಿನಿಂದ ಅವರ ವೃತ್ತಿ ಸಂಗೀತ ಮತ್ತು ನೃತ್ಯ. ಆದರೆ ಅವರೆಲ್ಲ ಇಷ್ಟಪಟ್ಟು ಬಂದ ಕಲಾವಿದೆಯರು ಎನ್ನುವುದೂ ಅಷ್ಟೇ ದೊಡ್ಡ ಸುಳ್ಳು. ಬಡ ಮನೆಯ ಹೆಣ್ಣುಮಗುವನ್ನು ಮುಂಗಡ ಸಾಲಕ್ಕೆ ಗೇಶಾ ಮನೆಗೆ ಕೊಡುತ್ತಿದ್ದರು. ಊಟ, ಬಟ್ಟೆ, ಪಾಠ ಎಲ್ಲವೂ ಅವಳ ಸಾಲದ ಪುಸ್ತಕಕ್ಕೇ ಸೇರುತ್ತಿದ್ದವು. ಅವಳು ಅತಿಥಿಯ ಮುಂದೆ ಕುಳಿತ ಹೊತ್ತನ್ನು ಊದುಬತ್ತಿ ಉರಿಸಿ ಅಳೆಯುತ್ತಿದ್ದರು; ಎಷ್ಟು ಕಡ್ಡಿ ಉರಿದವೋ ಅಷ್ಟು ಹಣ, ಅದು ಮನೆಯೊಡತಿಯ ಕೈಗೆ. ಮುಖಕ್ಕೆ ಬಳಿಯುವ ಬಿಳಿಯಲ್ಲಿ ಸೀಸ ಇರುತ್ತಿತ್ತು. ಅದು ಮೈಗೆ ವಿಷವೆಂದು ಗೊತ್ತಿದ್ದರೂ ಕಾನೂನು ಅದನ್ನು ಪೂರ್ತಿಯಾಗಿ ತಡೆದದ್ದು 1930ರ ದಶಕದಲ್ಲಿ.

1872ರಲ್ಲಿ ಮೇಜಿ ಸರಕಾರ ಗೇಶಾಗಳನ್ನೂ ವೇಶ್ಯೆಯರನ್ನೂ ಜೀತದಿಂದ ಬಿಡಿಸುವ ಆಜ್ಞೆ ಹೊರಡಿಸಿತು. ಅದಕ್ಕೆ ನ್ಯಾಯ ಇಲಾಖೆ ಕೊಟ್ಟ ಕಾರಣವನ್ನು ಓದಿದರೆ ಇಂದಿಗೂ ಮೈ ಉರಿಯುತ್ತದೆ: ಇವರು ಮನುಷ್ಯರ ಹಕ್ಕನ್ನು ಕಳೆದುಕೊಂಡವರು, ದನ ಕುದುರೆಗಳಿಗಿಂತ ಬೇರೆಯಲ್ಲ; ದನ ಕುದುರೆಗಳಿಂದ ಸಾಲ ವಸೂಲಿ ಮಾಡುವುದು ನ್ಯಾಯವಲ್ಲ, ಆದ್ದರಿಂದ ಸಾಲ ಮನ್ನಾ. ಬಿಡುಗಡೆಯ ಪತ್ರದಲ್ಲೇ ಅವಮಾನ. ಅದೇ 1872ರಲ್ಲಿ ಕ್ಯೋಟೋದಲ್ಲಿ ಗಿಯೋನ್‌ನ ಗೇಶಾಗಳು ವಸ್ತುಪ್ರದರ್ಶನಕ್ಕೆಂದು ಮೊದಲ ಬಾರಿಗೆ ಸಾರ್ವಜನಿಕರ ಮುಂದೆ ತಮ್ಮ ವಸಂತ ನೃತ್ಯವನ್ನು ಆಡಿದರು. ಒಂದು ಕಡೆ ದನವೆಂದು ಕರೆಸಿಕೊಂಡವರು ಇನ್ನೊಂದು ಕಡೆ ನಾಡಿನ ಹೆಮ್ಮೆಯಾಗಿ ನಿಂತರು. ಆಜ್ಞೆ ಕಾಗದದಲ್ಲಿ ಉಳಿಯಿತು, ಮುಂಗಡ ಸಾಲ ಹೊಸ ಹೆಸರಿನಲ್ಲಿ ಮುಂದುವರಿಯಿತು. 1955ರಲ್ಲಿ, ಮದ್ಯದಂಗಡಿಯಲ್ಲಿ ದುಡಿಯಲು ಕೊಟ್ಟ ಹುಡುಗಿಯೊಬ್ಬಳ ಮೊಕದ್ದಮೆಯಲ್ಲಿ, ಅಂಥ ಸಾಲದ ಕರಾರೇ ಅಸಿಂಧು ಎಂದು ಜಪಾನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಆ ದಾರಿ ಮುಚ್ಚಿತು.

ದಾರಿ ಮುಚ್ಚಿದಂತೆ ಗೇಶಾಗಳೂ ಕಡಿಮೆಯಾದರು. 1920ರ ದಶಕದಲ್ಲಿ ದೇಶದಲ್ಲಿ ಸುಮಾರು 80,000 ಮಂದಿ ಇದ್ದರೆಂಬ ಅಂದಾಜಿದೆ. ಈಗ ಎಲ್ಲ ಊರುಗಳನ್ನೂ ಸೇರಿಸಿದರೆ ಒಂದು ಸಾವಿರದ ಆಸುಪಾಸು. ಇದನ್ನು ನಷ್ಟವೆಂದು ಮರುಗುವವರ ಜೊತೆ ನಾನು ಪೂರ್ತಿ ಸೇರಲಾರೆ. ಮಗಳನ್ನು ಅಡವಿಡದೆ ಬದುಕಬಹುದಾದ ಕಾಲ ಬಂದದ್ದರಿಂದಲೂ ಆ ಸಂಖ್ಯೆ ಇಳಿದಿದೆ.

ಹಾಗಾದರೆ ನೃತ್ಯ? ಅದನ್ನು ಜೀತವಿಲ್ಲದೆ ಉಳಿಸಿಕೊಳ್ಳುವುದು ಹೇಗೆ? ಕಡಲಂಚಿನ ಈ ಸಣ್ಣ ಊರುಗಳು ಕೊಟ್ಟ ಉತ್ತರ ನನಗೆ ಕ್ಯೋಟೋದ ವೈಭವಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1987ರಲ್ಲಿ ನಿಗಾತಾದ ಉದ್ಯಮಗಳು ಹಣ ಹೂಡಿ ಗೇಶಾಗಳಿಗಾಗಿಯೇ ಒಂದು ಕಂಪನಿ ಕಟ್ಟಿದವು. ಜಪಾನಿನಲ್ಲಿ ಅದು ಮೊದಲನೆಯದು. ಸಕಾತಾದಲ್ಲಿ 1990ರಲ್ಲಿ ಅದೇ ಬಗೆಯ ಏರ್ಪಾಡು ಬಂತು. ಹುಡುಗಿ ಅರ್ಜಿ ಹಾಕಿ ನೌಕರಿಗೆ ಸೇರುತ್ತಾಳೆ. ತಿಂಗಳ ಸಂಬಳ ಸಿಗುತ್ತದೆ. ನೃತ್ಯ, ಶಮಿಸೆನ್, ಡೋಲು, ಚಹಾ ವಿಧಿ ಎಲ್ಲದರ ಪಾಠವೂ ಕೆಲಸದ ಭಾಗ. ಬೇಡವೆನಿಸಿದರೆ ರಾಜೀನಾಮೆ ಕೊಟ್ಟು ಹೋಗಬಹುದು.

‘ಸಂಬಳದ ಮೈಕೋ ನಿಜವಾದ ಮೈಕೋ ಅಲ್ಲ’ ಎಂದು ನನ್ನ ಜಪಾನಿ ಸಹೋದ್ಯೋಗಿಯೊಬ್ಬರು ಹೇಳಿದರು. ಮಗುವಿದ್ದಾಗಲೇ ಮನೆ ಬಿಟ್ಟು ಬಂದು, ಅಕ್ಕಂದಿರ ಕೈಕೆಳಗೆ ಪಾತ್ರೆ ತೊಳೆದು ಬೆಳೆದರೆ ಮಾತ್ರ ಆ ಕಳೆ ಬರುತ್ತದೆ ಎಂದು ಅವರ ವಾದ. ನಾನು ಒಪ್ಪುವುದಿಲ್ಲ. 2022ರಲ್ಲಿ ಕ್ಯೋಟೋದ ಮಾಜಿ ಮೈಕೋ ಒಬ್ಬರು, ಎಳೆಯ ವಯಸ್ಸಿನಲ್ಲೇ ತಮಗೆ ಮದ್ಯ ಕುಡಿಸಿದ್ದನ್ನು ಬಹಿರಂಗವಾಗಿ ಹೇಳಿಕೊಂಡಾಗ ಜಪಾನ್ ಬೆಚ್ಚಿಬಿತ್ತು. ಕಷ್ಟದಲ್ಲಿ ಬೆಂದರೆ ಕಲೆ ಹದವಾಗುತ್ತದೆ ಎನ್ನುವವರು ಸಾಮಾನ್ಯವಾಗಿ ಬೇಯದವರು. ಸೋಮರೋದಲ್ಲಿ ನಾನು ಕಂಡ ಪಾದದ ಜಾರಿಕೆಯಲ್ಲಿ, ಅಂಚು ಹರಡಿಕೊಳ್ಳುವವರೆಗೆ ಕಾದ ಆ ಅರೆಗಳಿಗೆಯಲ್ಲಿ, ಯಾವ ಕೊರತೆಯೂ ಇರಲಿಲ್ಲ.

ಚಿಂತೆ ಇರುವುದು ಬೇರೆ ಕಡೆ. ಸಕಾತಾದ ಜನಸಂಖ್ಯೆ ಒಂದು ಲಕ್ಷದ ಸುತ್ತಮುತ್ತ, ಅದೂ ಇಳಿಯುತ್ತಿದೆ. ಮೈಕೋ ಆಗಲು ಬರುವ ಹುಡುಗಿಯರು ಬೆರಳೆಣಿಕೆ. ಊರಿನ ಉದ್ಯಮಗಳು ಸೊರಗಿದರೆ ಔತಣವಿಲ್ಲ, ಔತಣವಿಲ್ಲದಿದ್ದರೆ ಕರೆ ಇಲ್ಲ. ಅಂದು ಕೋಣೆಯಲ್ಲಿ ಅರ್ಧದಷ್ಟು ಚಾಪೆಗಳು ಖಾಲಿ ಇದ್ದವು. ಜಪಾನಿಗೆ ಬರುವ ನಮ್ಮವರು ಟೋಕಿಯೋ, ಕ್ಯೋಟೋ, ಒಸಾಕಾ ಮುಗಿಸಿ ವಿಮಾನ ಹತ್ತುತ್ತಾರೆ. ಒಂದು ದಿನ ಉಳಿಸಿಕೊಂಡು ಇತ್ತ ಬನ್ನಿ. ನೃತ್ಯ ಯಾವ ದಿನ, ಯಾವ ಹೊತ್ತಿಗೆ ಇದೆಯೆಂದು ಮೊದಲೇ ವಿಚಾರಿಸಿಕೊಳ್ಳಿ. ಮುಂದಿನ ಸಾಲಿನಲ್ಲಿ, ಪಾದಗಳು ಕಾಣುವಂತೆ ಕುಳಿತುಕೊಳ್ಳಿ.

ರಾತ್ರಿ ಹೋಟೆಲಿನಿಂದ ಅವ್ವನಿಗೆ ಫೋನ್ ಮಾಡಿದೆ. ಕುಸುಬೆಯ ಎಸಳಿನಿಂದ ತುಟಿಯ ಬಣ್ಣ, ಚಾಪೆಯ ಬಣ್ಣ ಎಲ್ಲ ಕೇಳಿ ಬೆರಗಾದಳು. ಮೈಕೋಳ ಫೋಟೋ ಕಳಿಸಿದ್ದೆ. ಅದನ್ನು ನೋಡಿ ಅವಳು ಕೇಳಿದ ಮೊದಲ ಮಾತು, ‘ಈ ಹುಡುಗಿಗೆ ಪಗಾರ ಕೊಡುತ್ತಾರೇನವ್ವಾ?’

‘ಕೊಡುತ್ತಾರೆ ಅವ್ವ, ತಿಂಗಳಾ ತಿಂಗಳಾ.’

‘ರಜೆ?’

‘ಅದೂ ಇದೆ.’

‘ಚಲೋ ಆಯಿತು ಬಿಡು’ ಎಂದಳು. ಆಮೇಲೆ ಅವಳ ಮಾತು ಹೊಲದ ಕಡೆ ತಿರುಗಿತು. ಈ ಸಲ ಕುಸುಬೆ ಕೊಯ್ಯಲು ಹೆಣ್ಣಾಳು ಸಿಗುತ್ತಿಲ್ಲ, ಆ ಮುಳ್ಳಿಗೆ ಕೈ ಕೊಡಲು ಈಗ ಯಾರಿಗೂ ಮನಸ್ಸಿಲ್ಲ, ಅದು ಸರಿಯೇ ಅನ್ನು, ಯಂತ್ರದವನಿಗೆ ಹೇಳಿಕಳಿಸಿದ್ದೇನೆ, ಸೋಮವಾರ ಬರುತ್ತಾನಂತೆ ಎಂದಳು.